ಗುಡಿಸು ಒಂದು ಕಡೆ, ಕ ಇನ್ನೊಂದು ಕಡೆ!

ಪ್ರಶ್ನೆ: ಸರ್, ನಾವು ಬಾಗಲಕೋಟೆ ಕಡೆಯವರು, ಈಗ ಇರೋದು ಪುಣೆಯ ಚಿಂಚವಡದಲ್ಲಿ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್‌ಗೆ ಹೈಕು ಆಪರೇಟಿಂಗ್ ಸಿಸ್ಟಮ್‌ನ 32 ಬಿಟ್ ಆವೃತ್ತಿ ಹಾಕಿದ್ದೇನೆ. ಚುರುಕಾಗಿ ಓಡುತ್ತದೆ. ಆದರೆ ಕನ್ನಡ ಫಾಂಟ್ ಹಾಕಿದರೂ ಫೈಲ್ ಹೆಸರುಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಅಕ್ಷರಗಳನ್ನು ತೆರೆಗೆ ತರುವ ಫ್ರೀಟೈಪ್, ಹಾರ್ಫ್‌ಬಜ್ ಎಂಬ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡ್‌ನ ಕಟ್ಟುಗಳನ್ನು) ನಾನೇ ಪೋರ್ಟ್ ಮಾಡಿದರೆ, ಅಂದರೆ ಹೈಕುವಿಗೆ ಹೊಂದಿಸಿದರೆ, ಸರಿಹೋಗುತ್ತದೆಯೇ? ಹಾರ್ಫ್‌ಬಜ್ ಕಂಪೈಲ್ ಮಾಡಲು (ಸೋರ್ಸ್ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಲು) ಹೋದರೆ ರಾಶಿ ಎರರ್ ಬರುತ್ತಿವೆ.
– ಓದುಗರೊಬ್ಬರು, ಚಿಂಚವಡ

ಉತ್ತರ: ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಫೋಲ್ಡರ್‌ಗಳಿಗೆ ಮರಾಠಿಯಲ್ಲಿ ಹೆಸರಿಡಿ. ಒಂದಕ್ಕೆ ‘ಪುಣೆ’, ಇನ್ನೊಂದಕ್ಕೆ ನಿಮ್ಮೂರು ‘ಪಿಂಪರಿ ಚಿಂಚವಡ’. ಪುಣೆ ಹೆಚ್ಚುಕಡಿಮೆ ಸರಿಯಾಗೇ ಕಾಣಬಹುದು. ಪಿಂಪರಿ ಚಿಂಚವಡ ಮಾತ್ರ ಕೆಡುತ್ತದೆ. ಯಾಕೆಂದರೆ ದೇವನಾಗರಿಯಲ್ಲಿ ಹ್ರಸ್ವ ‘ಇ’ ಚಿಹ್ನೆ ಅಕ್ಷರದ ಎಡಕ್ಕೆ ಬರಬೇಕು. ಫೈಲ್‌ನಲ್ಲಿ ಅದು ಅಕ್ಷರ ಆದಮೇಲೆ ಕೂತಿರುತ್ತದೆ. ಅದನ್ನು ಎತ್ತಿ ಮುಂದೆ ಇಡುವವರು ಬೇಕು. ನಿಮ್ಮ ಹೈಕುನಲ್ಲಿ ಆ ಕೆಲಸ ಮಾಡುವವರು ಇಲ್ಲ, ಅಷ್ಟೇ.

ಕನ್ನಡದ್ದೂ ಇದೇ ಕಥೆ, ಸ್ವಲ್ಪ ಜಾಸ್ತಿ ತೊಡಕು. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ? ಗುಡಿಸು ಬಂದಾಗ ತಲಕಟ್ಟು ಹೋಗಬೇಕು ಅಂತ ಕೈಗೆ ಗೊತ್ತಿತ್ತು. ಕಂಪ್ಯೂಟರ್‌ಗೆ ಅದನ್ನು ಯಾರಾದರೂ ಹೇಳಬೇಕು. ‘ಕರ್ನಾಟಕ’ ಎಂಬ ಪದ ಯೂನಿಕೋಡ್‌ನಲ್ಲಿ ಕ, ರ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ನ, ಇಳಿ, ಟ, ಕ ಎಂಬ ಸಾಲಿನಲ್ಲಿರುತ್ತದೆ. ತೆರೆಯ ಮೇಲೆ ರಕಾರ ಅರ್ಕಾವತ್ತಾಗಿ ‘ನಾ’ ಆದಮೇಲೆ ಬರಬೇಕು. ಇದಕ್ಕೆ ಶೇಪಿಂಗ್ ಎನ್ನುತ್ತಾರೆ. ಹಾರ್ಫ್‌ಬಜ್ ಮಾಡುವುದು ಇದನ್ನೇ. ಫ್ರೀಟೈಪ್‌ಗೆ ಇದರ ಗೊಡವೆ ಇಲ್ಲ. ‘ಇಷ್ಟನೇ ನಂಬರಿನ ಆಕಾರ ಬರಿ’ ಎಂದರೆ ಅಂದವಾಗಿ ಬರೆದುಕೊಡುತ್ತದೆ, ಅಷ್ಟೇ.

ಹಾಗಾಗಿ ಫ್ರೀಟೈಪ್ ಪೋರ್ಟ್ ಮಾಡುವ ಯೋಚನೆ ಬಿಡಿ. ಹೈಕುವಿನ ಆ್ಯಪ್ ಸರ್ವರ್, ಅಂದರೆ ತೆರೆಯ ಮೇಲೆ ಎಲ್ಲವನ್ನೂ ಬಿಡಿಸುವ ಭಾಗ, ಈಗಾಗಲೇ ಫ್ರೀಟೈಪನ್ನೇ ಬಳಸುತ್ತದೆ. ಹಾರ್ಫ್‌ಬಜ್ ಕೂಡ ಹೈಕುಪೋರ್ಟ್ಸ್‌ನಲ್ಲಿ, ಅಂದರೆ ಹೈಕುವಿಗೆ ಹೊಂದಿಸಿದ ಪ್ರೋಗ್ರಾಮ್‌ಗಳ ಸಂಗ್ರಹದಲ್ಲಿ, ಸಿದ್ಧವಾಗಿದೆ.

ನಿಮ್ಮ ಎರರ್‌ಗಳ ಗುಟ್ಟು 32 ಬಿಟ್‌ನಲ್ಲಿದೆ. ಹೈಕು ಹುಟ್ಟಿದ್ದೇ ಬಿಓಎಸ್ ಎಂಬ ಹಳೇ ಸಿಸ್ಟಮ್‌ಗೆ ಮರುಜೀವ ಕೊಡಲು, 2001ರಲ್ಲಿ. ಆ ಕಾಲದ ಪ್ರೋಗ್ರಾಮ್‌ಗಳು ಹಾಗೇ ಓಡಲಿ ಅಂತ 32 ಬಿಟ್‌ನಲ್ಲಿ ಇವತ್ತಿಗೂ ಜಿಸಿಸಿ 2.95 ಇಟ್ಟುಕೊಂಡಿದ್ದಾರೆ. ಅದು 1999ರ ಕಂಪೈಲರ್. ಹಾರ್ಫ್‌ಬಜ್ ಕೇಳುವುದು ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಆವೃತ್ತಿ. ಎರರ್ ಬರದೆ ಇನ್ನೇನು ಬಂದೀತು! ಟರ್ಮಿನಲ್‌ನಲ್ಲಿ ‘ಸೆಟ್‌ಆರ್ಚ್ ಎಕ್ಸ್86’ ಎಂದು ಕೊಟ್ಟರೆ ಹೊಸ ಕಂಪೈಲರ್ ಸಿಗುತ್ತದೆ. ಲ್ಯಾಪ್‌ಟಾಪ್‌ಗೆ ತಾಳುವ ಶಕ್ತಿ ಇದ್ದರೆ 64 ಬಿಟ್ ಹೈಕು ಹಾಕಿ, ಈ ರಗಳೆಯೇ ಇರಲ್ಲ. ಇನ್ನೊಂದು ಮಾತು: ಬೂಟ್ ಕೆಳಗಿನ ಸಿಸ್ಟಮ್ ಫೋಲ್ಡರ್‌ನ ಹೆಚ್ಚಿನ ಭಾಗಕ್ಕೆ ಬರೆಯಲು ಬಿಡುವುದಿಲ್ಲ. ನೀವು ಕಟ್ಟಿದ್ದನ್ನು ನಾನ್-ಪ್ಯಾಕೇಜ್ಡ್ ಫೋಲ್ಡರ್‌ಗೆ ಹಾಕಬೇಕು.

ಫ್ರೀಟೈಪ್, ಹಾರ್ಫ್‌ಬಜ್ ಎರಡೂ ಇಲ್ಲದ ಬೇರೆ ಸಿಸ್ಟಮ್‌ಗೆ ಅವನ್ನು ಒಯ್ಯುವುದಾದರೆ? ಫ್ರೀಟೈಪ್ ಶುದ್ಧ ಸಿ ಭಾಷೆಯದು. ಮೆಮೊರಿ ಕೇಳುವುದು, ಫೈಲ್ ತೆರೆಯುವುದು, ಎರಡೂ ‘ಎಫ್‌ಟಿಸಿಸ್ಟಮ್’ ಎಂಬ ಒಂದೇ ಫೈಲ್‌ನಲ್ಲಿವೆ. ಮುಖ್ಯವಾಗಿ ನೋಡಬೇಕಾದ್ದು ಅದನ್ನೇ. ಫೈಲ್ ತೆರೆಯುವುದೇ ಕಷ್ಟವಾದರೆ ಫಾಂಟನ್ನು ನೀವೇ ಓದಿ ಮೆಮೊರಿಯಿಂದ ಕೊಡಬಹುದು. ಹಾರ್ಫ್‌ಬಜ್‌ನಲ್ಲಿ ಇಡೀ ಲೈಬ್ರರಿಯನ್ನು ಒಳಕ್ಕೆ ಎಳೆದುಕೊಳ್ಳುವ ಒಂದೇ ಸೋರ್ಸ್ ಫೈಲ್ ಇದೆ, ಅದನ್ನು ಕಂಪೈಲ್ ಮಾಡಿದರೆ ಸಾಕು. ಒಂದು ತಮಾಷೆ ಏನೆಂದರೆ ಇವೆರಡೂ ಒಂದನ್ನೊಂದು ಕೇಳುತ್ತವೆ. ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್, ಆಮೇಲೆ ಹಾರ್ಫ್‌ಬಜ್, ಬೇಕಿದ್ದರೆ ಮತ್ತೆ ಫ್ರೀಟೈಪ್. ಈ ಸಾಲಿನಲ್ಲಿ ಕಟ್ಟಿ.

ಕಟ್ಟಿದ್ದು ಸರಿಯಾಗಿದೆಯಾ ಅಂತ ನೋಡಲು ಚಿತ್ರ ಬೇಕಿಲ್ಲ. ‘ಎಚ್‌ಬಿ-ಶೇಪ್’ ಎಂಬ ಕಮಾಂಡ್‌ಗೆ ಫಾಂಟ್ ಮತ್ತು ‘ಕರ್ನಾಟಕ’ ಕೊಡಿ. ಆಕಾರಗಳ ಹೆಸರು, ಜಾಗ ಎಲ್ಲ ಅಕ್ಷರದಲ್ಲೇ ಬರುತ್ತದೆ. ಅದೇ ಫಾಂಟ್, ಅದೇ ಆವೃತ್ತಿ ಇಟ್ಟು ಲಿನಕ್ಸ್‌ನಲ್ಲೂ ಓಡಿಸಿ, ಎರಡು ಸಾಲು ಹೋಲಿಸಿ.

ಇಷ್ಟಾದರೂ ನಿಮ್ಮ ಫೈಲ್ ಹೆಸರು ಸರಿಹೋಗುವುದಿಲ್ಲ. ಲೈಬ್ರರಿ ಇದ್ದರೆ ಸಾಲದು, ಆ್ಯಪ್ ಸರ್ವರ್ ಅದನ್ನು ಕೇಳಬೇಕು. ಒಂದು ಕೋಡ್‌ಗೆ ಒಂದು ಆಕಾರ ಎಂದುಕೊಂಡಿರುವ ಜಾಗಗಳನ್ನೆಲ್ಲ ಹುಡುಕಿ ಬದಲಿಸಬೇಕು. ಬಿಡಿಸುವುದು ಸುಲಭದ ಭಾಗ. ಸಾಲಿನ ಅಗಲ ಅಳೆಯುವುದು, ಕರ್ಸರ್ ಎಲ್ಲಿ ನಿಲ್ಲಬೇಕು, ಮೌಸ್ ಎಳೆದಾಗ ಎಷ್ಟು ಆಯ್ಕೆಯಾಗಬೇಕು, ಎಲ್ಲವೂ ಒಟ್ಟಿಗೆ ಬದಲಾಗಬೇಕು. ಇಲ್ಲದಿದ್ದರೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಕರ್ಸರ್ ಮಾತ್ರ ಪಕ್ಕದ ಮನೆಯಲ್ಲಿರುತ್ತದೆ. ನನ್ನ ಪ್ರಕಾರ ಅಗಲ ಅಳೆಯುವ ಕೋಡ್‌ನಿಂದ ಶುರು ಮಾಡಿ. ಹೈಕು ಎಂಐಟಿ ಲೈಸೆನ್ಸ್‌ನದು, ಸೋರ್ಸ್ ಪೂರ್ತಿ ಕೈಗೆ ಸಿಗುತ್ತದೆ. ಆದರೆ ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸವಲ್ಲ.

ಅಲ್ಲಿಯವರೆಗೆ ಕನ್ನಡ ಬರೆಯಲು ಲಿಬ್ರೆಆಫೀಸ್ ಹಾಕಿಕೊಳ್ಳಿ. ಅದು ಶೇಪಿಂಗ್‌ಗೆ ಹಾರ್ಫ್‌ಬಜ್ಜನ್ನೇ ಬಳಸುತ್ತದೆ. ಹಳೇ ನುಡಿ ಫಾಂಟ್ ಹಾಕಿದರೆ ಸರಿಯಾಗುತ್ತದೆ ಅಂತ ಯಾರಾದರೂ ಹೇಳಬಹುದು. ನೋಡಲು ಸರಿಯಾಗೇ ಕಾಣುತ್ತದೆ, ಒಂದೊಂದು ತುಣುಕಿಗೂ ಅಲ್ಲಿ ಒಂದೊಂದು ಇಂಗ್ಲಿಷ್ ಕೀಲಿಯ ಜಾಗವಿದೆ. ಆದರೆ ಆ ಫೈಲನ್ನು ಫೋನ್‌ಗೆ ಕಳಿಸಿ ನೋಡಿ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.