ಹತ್ತನೇ ಕ್ಲಾಸಿನಲ್ಲಿದ್ದೇನೆ, ಕನ್ನಡ ಮಾಧ್ಯಮ. ನೀಟ್, ಸಿಇಟಿ ತಯಾರಿ ಈಗಲೇ ಶುರು ಮಾಡಬೇಕಾ?

ರೋಣ ತಾಲ್ಲೂಕಿನ ಹಳ್ಳಿಯವಳು, ಡಾಕ್ಟರ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯ ಪುಸ್ತಕ ಈಗಲೇ ತಂದು ಓದಬೇಕಾ, ಅಪ್ಪ ಸಾಲ ಮಾಡಿಯಾದರೂ ಧಾರವಾಡದ ಹಾಸ್ಟೆಲ್ ಕಾಲೇಜಿಗೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ, ಸೇರಬೇಕಾ ಅಂತ ಕೇಳಿದ್ದೀಯ. ನಾನು ಗದಗದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ನನ್ನ ಕ್ಲಾಸಿನಲ್ಲಿ ನಿನ್ನಂಥ ಮಕ್ಕಳೇ ಜಾಸ್ತಿ, ಹಾಗಾಗಿ ನೇರವಾಗಿ ಹೇಳುತ್ತೇನೆ.

ನೀಟ್ ಪುಸ್ತಕ ಈಗ ಬೇಡ ತಂಗಿ. ಈ ವರ್ಷ ಗಣಿತ ಗಟ್ಟಿ ಮಾಡಿಕೋ.

ಡಾಕ್ಟರ್ ಆಗೋಳಿಗೆ ಗಣಿತ ಯಾಕೆ ಅನ್ನಬಹುದು. ಟ್ರ್ಯಾಕ್ಟರಿಗೆ ಹಲಗೆ ಇಟ್ಟು ಚೀಲ ಏರಿಸುವುದನ್ನು ನೋಡಿದ್ದೀಯಲ್ವಾ? ಆ ಚೀಲವನ್ನು ಹಲಗೆ ಗುಂಟ ಕೆಳಗೆ ಎಳೆಯುವ ಬಲ ಎಷ್ಟು ಅಂದರೆ, ತೂಕಕ್ಕೆ ಸೈನ್ ತೀಟಾ ಗುಣಿಸಬೇಕು, ತೀಟಾ ಅಂದರೆ ಹಲಗೆ ನೆಲದಿಂದ ಎದ್ದಿರುವ ಕೋನ. ಹಲಗೆ 30 ಡಿಗ್ರಿ ಓರೆ ಇದ್ದರೆ ಸೈನ್ ಬೆಲೆ ಅರ್ಧ. ಘರ್ಷಣೆ ಬಿಟ್ಟರೆ 50 ಕೆಜಿ ಚೀಲವನ್ನು 25 ಕೆಜಿ ತೂಕದಷ್ಟು ಬಲ ಹಾಕಿ ತಡೆದು ನಿಲ್ಲಿಸಬಹುದು. ಇದರಲ್ಲಿ ಫಿಸಿಕ್ಸ್ ಇರುವುದು ಒಂದೇ ಸಾಲು, ಉಳಿದದ್ದೆಲ್ಲ ನೀನು ಈಗ ಓದುತ್ತಿರುವ ತ್ರಿಕೋನಮಿತಿ. ಪಿಯುದಲ್ಲಿ ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲ ಅಂತ ಅಳುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಸೈನ್ ಎಲ್ಲಿ, ಕಾಸ್ ಎಲ್ಲಿ ಅನ್ನುವುದೇ ಗೊಂದಲ. ಪರೀಕ್ಷೆಯಲ್ಲಿ ಯೋಚಿಸುತ್ತ ಕೂರಲು ಹೊತ್ತೂ ಇರುವುದಿಲ್ಲ. ನಮ್ಮ ರಾಜ್ಯದ ಎಂಜಿನಿಯರಿಂಗ್, ಅಗ್ರಿಯಂಥ ಸೀಟುಗಳಿಗೆ ಬರೆಯುವ ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಮೇಲಾಗಿ ಒಂದು ತಪ್ಪಿಗೆ ಒಂದು ಅಂಕ ಕಟ್. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಅದೊಂದು ಸಮಾಧಾನ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ರಜೆ ಸಿಗುತ್ತದಲ್ಲ, ಆಗ ಲಾಗರಿದಂ ಕಲಿ. ಹೈಸ್ಕೂಲಿನಲ್ಲಿ ಅದು ಬರುವುದಿಲ್ಲ, ಪಿಯುದಲ್ಲಿ ಗೊತ್ತಿದೆ ಅಂದುಕೊಂಡೇ ಪಾಠ ಮುಂದೆ ಓಡುತ್ತದೆ. ಕೆಮಿಸ್ಟ್ರಿಯಲ್ಲಿ ಪಿಎಚ್ ಲೆಕ್ಕ ಬಂದಾಗ ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771 ಅಂತ ಬಾಯಲ್ಲಿ ಇರಬೇಕು. ಅದರ ಜೊತೆಗೆ ನಿನ್ನ ಹತ್ತನೇ ವಿಜ್ಞಾನ ಪುಸ್ತಕದ ಇಂಗ್ಲಿಷ್ ಪ್ರತಿ ಯಾರ ಹತ್ತಿರವಾದರೂ ಇಸಿದುಕೊಂಡು, ಪಾಠ ನಿನಗೆ ಮೊದಲೇ ಗೊತ್ತಿರುವುದರಿಂದ, ಎರಡನ್ನೂ ಪಕ್ಕ ಪಕ್ಕ ಇಟ್ಟು ಓದು. ದಿನಕ್ಕೆ ಎರಡು ಪುಟ ಸಾಕು. ಪಿಯು ವಿಜ್ಞಾನದ ಪಾಠ ಇಂಗ್ಲಿಷ್‌ನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ಎರಡು ತಿಂಗಳು ಕ್ಲಾಸಿನಲ್ಲಿ ಮಾತೇ ಆಡುವುದಿಲ್ಲ. ಗೊತ್ತಿದ್ದರೂ ಸುಮ್ನೆ ಕೂರುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನು ಫಸ್ಟ್ ಪಿಯು. ಆ ಅಂಕ ಯಾವ ರ‍್ಯಾಂಕಿಗೂ ಸೇರುವುದಿಲ್ಲ ಅಂತ ಮಕ್ಕಳು ಆ ವರ್ಷ ಹಗುರಾಗಿ ಬಿಡುತ್ತಾರೆ. ಆದರೆ ನೀಟ್, ಐಐಟಿಯಂಥ ಕಾಲೇಜುಗಳಿಗೆ ಬರೆಯುವ ಜೆಇಇ, ಸಿಇಟಿ ಮೂರರಲ್ಲೂ ಎರಡೂ ವರ್ಷದ ಪಾಠ ಬರುತ್ತದೆ. ಮೋಲ್ ಲೆಕ್ಕ, ಚಲನೆಯ ನಿಯಮಗಳು, ಉಷ್ಣದ ಪಾಠ ಎಲ್ಲ ಫಸ್ಟ್ ಪಿಯುದವು, ಸೆಕೆಂಡ್ ಪಿಯುದಲ್ಲಿ ಹಿಂದೆ ತಿರುಗಿ ಓದಲು ಪುರಸೊತ್ತೇ ಸಿಗುವುದಿಲ್ಲ. ಹಾಗಂತ ಬೋರ್ಡ್ ಪರೀಕ್ಷೆ ಬಿಟ್ಟು ಕೋಚಿಂಗ್ ಹಿಂದೆ ಬೀಳಬೇಡ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಸೆಕೆಂಡ್ ಪಿಯುದ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಗಳದ್ದೇ.

ಡಾಕ್ಟರೇ ಆಗಬೇಕು ಅಂತ ಈಗ ಅನ್ನಿಸಿದರೂ ಗಣಿತ, ಬಯಾಲಜಿ ಎರಡೂ ಇರುವ ಪಿಸಿಎಂಬಿ ತಗೋ. ಬಯಾಲಜಿ ಬಿಟ್ಟರೆ ನೀಟ್ ದಾರಿ ಕಷ್ಟ, ಗಣಿತ ಬಿಟ್ಟರೆ ಎಂಜಿನಿಯರಿಂಗ್ ಹೋಯಿತು. ನಿಮ್ಮದು ಹೊಲ ಇದ್ದರೆ ಧಾರವಾಡ ಕೃಷಿ ವಿವಿಯನ್ನೂ ಲೆಕ್ಕದಲ್ಲಿ ಇಟ್ಟುಕೋ. ಅಲ್ಲಿನ ಬಿಎಸ್ಸಿ ಅಗ್ರಿಗೆ ರೈತರ ಮಕ್ಕಳ ಕೋಟಾ ಇದೆ. ಆ ಕೋಟಾದವರಿಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ.

ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಸಾಲ ಮಾಡಿ ಸೇರಬೇಡ ಅಂತಲೇ ನನ್ನ ಮಾತು. ಬೋರ್ಡಿನ ಮೇಲಿನ ಟಾಪರ್ ಫೋಟೊ ನೋಡಿ ಫೀ ಕಟ್ಟುವ ಮುಂಚೆ, ಅಪ್ಪನನ್ನು ಕರೆದುಕೊಂಡು ಹೋಗಿ ಅಲ್ಲಿ ಸೆಕೆಂಡ್ ಪಿಯು ಓದುವ ಇಬ್ಬರು ಮೂವರನ್ನು ಗೇಟಿನ ಹೊರಗೆ ಮಾತಾಡಿಸು. ನಾಲ್ಕೂ ವಿಷಯಕ್ಕೆ ಕಾಯಂ ಲೆಕ್ಚರರ್ ಇದ್ದಾರಾ, ಲ್ಯಾಬ್ ನಿಜವಾಗಿ ಮಾಡಿಸುತ್ತಾರಾ, ವಾರದ ಟೆಸ್ಟ್ ಆದ ಮೇಲೆ ತಪ್ಪಿದ ಪ್ರಶ್ನೆಯನ್ನು ಬಿಡಿಸಿ ಹೇಳುತ್ತಾರಾ ಅಂತ ಕೇಳು. ಇಷ್ಟು ಇರುವ ಕಾಲೇಜು ಮನೆಗೆ ಹತ್ತಿರ ಇದ್ದರೆ, ಬಸ್ ಪಾಸ್ ಮಾಡಿಸಿಕೊಂಡು ಓಡಾಡಿಯೂ ಒಳ್ಳೇ ರ‍್ಯಾಂಕ್ ತೆಗೆಯಬಹುದು. ತೆಗೆದವರಿಗೆ ನಾನೇ ಪಾಠ ಮಾಡಿದ್ದೇನೆ. ಪಿಯು ವಿಜ್ಞಾನಕ್ಕೆ ಓದುವ ಎನ್‌ಸಿಇಆರ್‌ಟಿ ಪುಸ್ತಕ ಎಲ್ಲ ಕಡೆ ಅದೇ.

ಒಂದು ಕೆಲಸ ಮಾತ್ರ ಈ ವಾರವೇ ಮಾಡು. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲಿ, ಪೂರ್ತಿ ಕನ್ನಡದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇದೆ. ನಡುವೆ ಒಂದು ವರ್ಷ ಗದಗ ಶಹರದಲ್ಲಿ ಓದಿದ್ದರೂ ಗ್ರಾಮೀಣ ಕೋಟಾ ಸಿಗುವುದಿಲ್ಲ. ಪ್ರತಿ ಮಗುವಿನ ಓದಿನ ವಿವರ ಇರುವ ಶಾಲೆಯ ಆನ್‌ಲೈನ್ ಎಸ್‌ಎಟಿಎಸ್ ದಾಖಲೆಯಲ್ಲಿ ಹತ್ತೂ ವರ್ಷ ಸರಿಯಾಗಿ ಇವೆಯಾ, ಹೆಸರು, ಇನಿಶಿಯಲ್, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದ ಹಾಗೇ ಇವೆಯಾ ಅಂತ ಹೆಡ್‌ಮಾಸ್ತರರನ್ನು ಕೇಳಿ ಕಣ್ಣಾರೆ ನೋಡು. ತಪ್ಪಿದ್ದರೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆಗುವ ಮುಂಚೆಯೇ ತಿದ್ದಿಸಿಕೋ. ಪ್ರಿಂಟ್ ಆದ ಮೇಲೆ ಅದೇ ಕೆಲಸಕ್ಕೆ ಅಪ್ಪ ಹೊಲ ಬಿಟ್ಟು ಕಚೇರಿಗಳಿಗೆ ಅಲೆಯಬೇಕಾಗುತ್ತದೆ.