ಅಲ್ಲೇ ಯಾಕೆ ಎದೆ ಒತ್ತುತ್ತ ಕೂತರು?

ಮುಂಬೈ ಪಕ್ಕದ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ಮಾವನವರು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರು ಹಾಗೇ ಕುಸಿದರು. ಆಂಬುಲೆನ್ಸ್ ಬರುವಾಗ 20 ನಿಮಿಷ ಆಗಿತ್ತು. ಬಂದವರು ನಮ್ಮ ಮೂರನೇ ಮಹಡಿಯ ಮನೆಯಲ್ಲೇ ಎದೆ ಒತ್ತುತ್ತ ಅರ್ಧ ಗಂಟೆ ಕಳೆದರು. ಆಸ್ಪತ್ರೆ ಎರಡೇ ಕಿಲೋಮೀಟರ್. ಕೂಡಲೇ ಹೊತ್ತೊಯ್ದಿದ್ದರೆ ಉಳಿಯುತ್ತಿದ್ದರು ಎಂದು ಅತ್ತೆ ಇವತ್ತಿಗೂ ಅಳುತ್ತಾರೆ. ಇದರ ಬಗ್ಗೆ ಬರೆಯಿರಿ.’

ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅತ್ತೆಯವರ ನೋವಿಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಆದರೆ ಅವರನ್ನು ಕೊರೆಯುತ್ತಿರುವ ಆ ಅರ್ಧ ಗಂಟೆಯ ಬಗ್ಗೆ ಹೇಳಲೇಬೇಕು. ಬಂದವರು ಹೊತ್ತು ಹಾಳು ಮಾಡಲಿಲ್ಲ.

ಹೃದಯ ನಿಂತ ಮೇಲೆ ಮಿದುಳಿಗೆ ಒಂದಿಷ್ಟು ರಕ್ತ ಹೋಗುವುದು ಎದೆ ಒತ್ತುವ ಕೈಯಿಂದಲೇ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಆಳಕ್ಕೆ, ಎಡೆಬಿಡದೆ ಒತ್ತಬೇಕು. ನಿಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ ಎಂದೂ ಬರೆದಿದ್ದೀರಿ. ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಸ್ಟ್ರೆಚರ್ ಓರೆ ಮಾಡಿ ಇಳಿಸುವಾಗ ಎದೆ ಒತ್ತುವವರು ಯಾರು? ಗಾಡಿಯೊಳಗೂ ಅದೇ ಕಷ್ಟ. ಕಲ್ಯಾಣ್-ಶೀಳ್ ರಸ್ತೆಯಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಒತ್ತುವ ಕೈ ಜಾರುತ್ತದೆ.

2020ರಲ್ಲಿ ಉತ್ತರ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದ 27,705 ರೋಗಿಗಳನ್ನು ಹೋಲಿಸಿ ನೋಡಿದರು. ಹೃದಯ ನಿಂತಿರುವಾಗಲೇ ಆಸ್ಪತ್ರೆಗೆ ಒಯ್ದವರಲ್ಲಿ ಬದುಕಿ ಮನೆಗೆ ಮರಳಿದವರು ಶೇ 4. ಬಿದ್ದಲ್ಲೇ ಚಿಕಿತ್ಸೆ ಮುಂದುವರಿಸಿದವರಲ್ಲಿ ಶೇ 8.5. ಇದು ದಾಖಲೆಗಳ ಹೋಲಿಕೆಯೇ ಹೊರತು ಪ್ರಯೋಗವಲ್ಲ, ಹಾಗಾಗಿ ಕೊನೆಯ ಮಾತು ಎನ್ನಲಾಗದು. ಅಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ ಎಂಬುದನ್ನೂ ಗಮನಿಸಿ.

ಇಂಜೆಕ್ಷನ್ ತಡವಾಯಿತೇ ಎಂದೂ ಕೇಳಿದ್ದೀರಿ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ನಿಂತ ಹೃದಯ ಮತ್ತೆ ಮಿಡಿಯಲೆಂದು ಚುಚ್ಚುವ ಅಡ್ರಿನಲಿನ್ ಔಷಧ ಕೊಟ್ಟವರಲ್ಲಿ ತಿಂಗಳ ನಂತರ ಬದುಕಿದ್ದವರು ಶೇ 3.2, ಕೊಡದವರಲ್ಲಿ ಶೇ 2.4. ಮಿದುಳಿಗೆ ತೀವ್ರ ಹಾನಿಯಾದವರ ಪ್ರಮಾಣ ಕೊಡದೆ ಉಳಿದವರಿಗಿಂತ ಕೊಟ್ಟು ಉಳಿದವರಲ್ಲಿ ಹೆಚ್ಚು. ಔಷಧಕ್ಕಿಂತ ಕೈಗಳ ಮೇಲೆ, ಶಾಕ್ ಕೊಡುವ ಯಂತ್ರದ ಮೇಲೆ ಹೆಚ್ಚು ಭರವಸೆ ಇಡಬೇಕೆಂದು ನನಗೆ ಅನ್ನಿಸುವುದು ಇದರಿಂದಲೇ.

ಎಲ್ಲ ರೋಗಿಗಳಿಗೂ ಇದೇ ಲೆಕ್ಕವಲ್ಲ. ಎದೆನೋವು ಬಂದು ಎಚ್ಚರದಲ್ಲಿರುವವರು, ಪಾರ್ಶ್ವವಾಯು ಬಡಿದವರು, ಅಪಘಾತದಲ್ಲಿ ಒಳಗೆ ರಕ್ತ ಸೋರುತ್ತಿರುವವರು ಬೇಗ ಆಸ್ಪತ್ರೆ ಸೇರಲೇಬೇಕು.

ನಿಜವಾಗಿ ಸಿಟ್ಟು ಬರಬೇಕಾದದ್ದು ಆ ಮೊದಲ 20 ನಿಮಿಷಕ್ಕೆ. ಎದೆ ಒತ್ತುವವರಿಲ್ಲದೆ, ಶಾಕ್ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 2014ರಲ್ಲಿ 108 ಸೇವೆ ಶುರುವಾದಾಗ ಯೋಜಿಸಿದ್ದು 937 ಗಾಡಿಗಳನ್ನು. 2011ರ ಜನಗಣತಿಯಂತೆ ನೋಡಿದರೆ ಸುಮಾರು 1.2 ಲಕ್ಷ ಜನಕ್ಕೆ ಒಂದು. 2017ರಲ್ಲಿ ಮುಂಬೈಗೆ ಬೈಕ್ ಆಂಬುಲೆನ್ಸ್ ತಂದದ್ದು ಗಲ್ಲಿಗಳಲ್ಲಿ ನುಗ್ಗಿ ಬೇಗ ತಲುಪಲಿ ಎಂದೇ. ಆದರೂ ಯಾವ ಗಾಡಿಯೂ ಪಕ್ಕದಲ್ಲಿರುವವರ ಕೈಯಷ್ಟು ಬೇಗ ತಲುಪಲಾರದು. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ನಮಗೆ ಯಾರಿಗೂ ಯಾರೂ ಕಲಿಸಲಿಲ್ಲ. ಕರೆ ತೆಗೆದುಕೊಂಡವರೇ ಫೋನಿನಲ್ಲಿ ಎಣಿಸುತ್ತ ಎದೆ ಒತ್ತಿಸುವುದು ಎಷ್ಟೋ ದೇಶಗಳಲ್ಲಿ ರೂಢಿ. ಇಲ್ಲಿಯೂ ಪ್ರತಿ ಕರೆಯಲ್ಲೂ ಅದು ಆಗಬೇಕು, ಮರಾಠಿ ಅಷ್ಟಾಗಿ ಬಾರದ ನಮ್ಮ ಹಿರಿಯರಿಗೆ ಕನ್ನಡದಲ್ಲೂ ಆಗಬೇಕು. ನಮ್ಮ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಕ್ಕೆ ಹೇಗೂ ಸಭಾಂಗಣ ಹಿಡಿಯುತ್ತವೆ. ಅದೇ ದಿನ ಒಂದು ಗಂಟೆ ಗೊಂಬೆಯ ಎದೆ ಒತ್ತಿ ಕಲಿಯುವುದಕ್ಕೆ ಮೀಸಲಿಡಲಿ ಎಂದು ಕೈಮುಗಿದು ಕೇಳುತ್ತೇನೆ.

ಅತ್ತೆಯವರಿಗೆ ಈ ಉತ್ತರ ಓದಿ ಹೇಳಿ. ಹೊತ್ತೊಯ್ದಿದ್ದರೆ ಎಂದು ಮತ್ತೆ ಕಣ್ಣು ತುಂಬಿಕೊಂಡರೆ ಆ ಮೆಟ್ಟಿಲುಗಳನ್ನು ನೆನಪಿಸಿ. ಮೂರು ಮಹಡಿ ಇಳಿಯುವಷ್ಟು ಹೊತ್ತೂ ಮಾವನವರ ಎದೆಯ ಮೇಲೆ ಯಾರ ಕೈಯೂ ಇರುತ್ತಿರಲಿಲ್ಲ.

– ಸಂಪಾದಕ