ಪರದೆಯ ನಂಬರ್ ಪ್ಲೇಟಿನ ಬಗ್ಗೆ ಕೇಳಿದ ಮಂಡ್ಯದ ಗೆಳೆಯರಿಗೆ

ನಮಸ್ಕಾರ. ಮಂಡ್ಯದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಹೊಸ ಕಾರು ಕೊಳ್ಳುತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ. ಡೀಲರ್ ತೋರಿಸಿದ ಎಲೆಕ್ಟ್ರಾನಿಕ್ ನಂಬರ್ ಪ್ಲೇಟನ್ನು ಹಾಕಿಸಲೇಬೇಕೇ ಎಂಬುದು ಒಂದು. ಹಾಕಿಸಿದರೆ ವೇಗ ಮೀರಿದಾಗಲೆಲ್ಲ ಪ್ಲೇಟೇ ಪೊಲೀಸರಿಗೆ ಸುದ್ದಿ ಮುಟ್ಟಿಸಿ ದಂಡ ಬೀಳುವಂತೆ ಮಾಡುತ್ತದೆಯೇ ಎಂಬುದು ಇನ್ನೊಂದು. ನಾನು ಮೈಸೂರಿನವನು, ಈ ರಾಜ್ಯದಲ್ಲಿ ಬಹಳ ಕಾಲದಿಂದ ವಾಹನ ಓಡಿಸುತ್ತಿದ್ದೇನೆ. ಅದು ಕಡ್ಡಾಯವಲ್ಲ, ದಂಡವನ್ನೂ ಅದು ಹಾಕುವುದಿಲ್ಲ. ನನ್ನನ್ನು ಕೇಳಿದರೆ ಸದ್ಯಕ್ಕೆ ಅದರ ಗೋಜಿಗೆ ಹೋಗಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಈ ಪ್ಲೇಟು 2018ರಲ್ಲಿ ಪ್ರಾಯೋಗಿಕವಾಗಿ ರಸ್ತೆಗೆ ಬಂತು. 2022ರಲ್ಲಿ ಅಂಗೀಕಾರವಾದ ಎಬಿ 984 ಎಂಬ ಕಾಯ್ದೆಯು ಅದನ್ನು ಎಲ್ಲ ವಾಹನ ಮಾಲೀಕರಿಗೂ ಮುಕ್ತಗೊಳಿಸಿತು. ಅರಿಜೋನಾ ಮತ್ತು ಮಿಷಿಗನ್ ರಾಜ್ಯಗಳಲ್ಲೂ ಇದಕ್ಕೆ ಅನುಮತಿಯಿದೆ. ತಯಾರಿಸುವ ಕಂಪನಿಯ ಹೆಸರು ರಿವೈವರ್. ಸಹೋದ್ಯೋಗಿಯೊಬ್ಬರ ಕಾರಿನಲ್ಲಿರುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಪ್ಪು ಚೌಕಟ್ಟಿನೊಳಗೆ ಕಿಂಡಲ್ ಪುಟದಂತೆ ಹೊಳಪಿಲ್ಲದ ಪರದೆ, ಅದರ ಮೇಲೆ ಉಬ್ಬಿಲ್ಲದ ಅಕ್ಷರಗಳು. ನೋಂದಣಿ ನವೀಕರಿಸಿದಾಗ ಪ್ರತಿವರ್ಷ ಅಂಟಿಸಬೇಕಾದ ಸ್ಟಿಕ್ಕರಿನ ಬದಲು ಹೊಸ ವರ್ಷ ತಾನಾಗಿ ಪರದೆಯಲ್ಲಿ ಮೂಡುತ್ತದೆ. ಕಾರು ಕಳುವಾದರೆ ಆ ಮಾತನ್ನೂ ಪ್ಲೇಟಿನ ಮೇಲೆ ತೋರಿಸಬಹುದು. ಇದಕ್ಕೆ 2022ರಲ್ಲಿ ತಿಂಗಳಿಗೆ 20 ಡಾಲರಿನ ಆಸುಪಾಸಿನಲ್ಲಿ ಚಂದಾ ಕಟ್ಟಬೇಕಿತ್ತು. ವರ್ಷಕ್ಕೊಮ್ಮೆ ಸ್ಟಿಕ್ಕರ್ ಅಂಟಿಸುವ ಶ್ರಮ ಉಳಿಸಲು ಇಷ್ಟು ಹಣ ಏಕೆ ಎಂಬ ನಿಮ್ಮ ಸಂಶಯ ನ್ಯಾಯವಾದದ್ದೇ.

ಇನ್ನು ದಂಡದ ವಿಷಯ. ಖಾಸಗಿ ಕಾರುಗಳ ಇಂಥ ಪ್ಲೇಟಿನಲ್ಲಿ ವಾಹನವಿರುವ ಜಾಗವನ್ನು ಪತ್ತೆಹಚ್ಚುವ ತಂತ್ರ ಇರಕೂಡದೆಂದು ಅದೇ ಕಾಯ್ದೆ ಮೊದಲು ಹೇಳಿತ್ತು. ವಾಣಿಜ್ಯ ವಾಹನಗಳಿಗೆ ಮಾತ್ರ ವಿನಾಯಿತಿಯಿತ್ತು, 2024ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಹೇಗಿದ್ದರೂ ದಂಡಕ್ಕಾಗಿ ನಿಮ್ಮನ್ನು ಗುರುತಿಸುವುದು ಪ್ಲೇಟಲ್ಲ, ರಸ್ತೆ ಬದಿಯ ಕ್ಯಾಮೆರಾ, ಅದು ತಗಡಿನ ಪ್ಲೇಟನ್ನೂ ಪರದೆಯನ್ನೂ ಒಂದೇ ರೀತಿ ಓದುತ್ತದೆ. ಆದರೆ ಇಲ್ಲಿ ಕ್ಯಾಮೆರಾಗಳಲ್ಲಿ ಎರಡು ಬಗೆಯಿವೆ. ಕೆಂಪು ದೀಪ ದಾಟಿದಾಗ ಹಿಡಿಯುವ ಹಳೆಯ ಪದ್ಧತಿಯ ಕ್ಯಾಮೆರಾ ಪ್ಲೇಟಿನ ಜೊತೆಗೆ ಚಾಲಕನ ಮುಖವನ್ನೂ ಸೆರೆಹಿಡಿಯುತ್ತದೆ, ಏಕೆಂದರೆ ಆ ಅಪರಾಧ ಚಾಲಕನದ್ದು. ದಂಡ ಮತ್ತು ಶುಲ್ಕಗಳು ಸೇರಿ ಸುಮಾರು 500 ಡಾಲರ್ ಆಗುವುದಲ್ಲದೆ ಲೈಸೆನ್ಸಿನ ದಾಖಲೆಯಲ್ಲೂ ಅಂಕ ಬೀಳುತ್ತದೆ. ವೇಗದ ಕ್ಯಾಮೆರಾಗಳಿಗೆ 2023ರ ಎಬಿ 645 ಕಾಯ್ದೆ ಆರು ನಗರಗಳಲ್ಲಿ ಮಾತ್ರ ಪ್ರಾಯೋಗಿಕ ಅನುಮತಿ ಕೊಟ್ಟಿದ್ದು, ನಿಮ್ಮ ಸ್ಯಾನ್ ಹೋಸೆಯೂ ಅವುಗಳಲ್ಲೊಂದು. ಅವು ಹಿಂದಿನ ಪ್ಲೇಟನ್ನಷ್ಟೇ ನೋಡುತ್ತವೆ, ನೋಟಿಸು ಮಾಲೀಕರ ಹೆಸರಿಗೆ ಬರುತ್ತದೆ. ಮಿತಿಗಿಂತ 11 ಮೈಲಿ ಹೆಚ್ಚಾದಲ್ಲಿಂದ 50 ಡಾಲರಿನಿಂದ ಶುರುವಾಗಿ, 100 ಮೈಲಿ ಮುಟ್ಟಿದವರಿಗೆ 500 ಡಾಲರಿನವರೆಗೆ ಏರುತ್ತದೆ, ಲೈಸೆನ್ಸಿಗೆ ಅಂಕವಿಲ್ಲ. ಸ್ನೇಹಿತರಿಗೆ ಕಾರು ಕೊಡುವ ಮುನ್ನ ಈ ವ್ಯತ್ಯಾಸ ನೆನಪಿರಲಿ.

ನನ್ನ ಆಕ್ಷೇಪ ಇರುವುದು ಚಂದಾದ ಬಗ್ಗೆ ಅಲ್ಲ. ಕ್ಯಾಮೆರಾದ ಮೂಲಕ ದಂಡ ಹಾಕುವ ವ್ಯವಸ್ಥೆಯಲ್ಲಿ ಪೊಲೀಸರು ನಿಮ್ಮನ್ನು ತಡೆದು ಮಾತನಾಡಿಸುವುದೇ ಇಲ್ಲ, ಚಿತ್ರದಲ್ಲಿ ಕಂಡ ಸಂಖ್ಯೆಯೊಂದೇ ಸಾಕ್ಷಿ. ಆ ಸಂಖ್ಯೆಯನ್ನು ಬದಲಿಸಲು ಬರುವುದಾದರೆ ಸಾಕ್ಷಿಗೆ ಬೆಲೆಯೇನು? 2023ರ ಜನವರಿಯಲ್ಲಿ ಭದ್ರತಾ ಸಂಶೋಧಕ ಸ್ಯಾಮ್ ಕರಿ ಮತ್ತು ಅವರ ಸಂಗಡಿಗರು ರಿವೈವರ್‌ನ ವ್ಯವಸ್ಥೆಯೊಳಗೆ ಆಡಳಿತದ ಅಧಿಕಾರವನ್ನೇ ಪಡೆದು, ಗ್ರಾಹಕರ ವಾಹನಗಳನ್ನು ಕಳುವಾದವೆಂದು ಗುರುತು ಮಾಡಲೂ ಸಾಧ್ಯವಿದೆಯೆಂದು ತೋರಿಸಿಕೊಟ್ಟರು. ಕಂಪನಿ ಆ ಬಿರುಕನ್ನು ಬೇಗನೆ ಮುಚ್ಚಿತು. ಆದರೆ 2024ರ ಕೊನೆಯಲ್ಲಿ ಐಒಆಕ್ಟಿವ್ ಎಂಬ ಭದ್ರತಾ ಸಂಸ್ಥೆಯ ಜೋಸೆಪ್ ರೋಡ್ರಿಗಸ್ ತೋರಿಸಿದ್ದು ಇನ್ನೂ ಆಳದ ದೋಷ. ಪ್ಲೇಟಿನ ಹಿಂಬದಿಯನ್ನು ಬಿಚ್ಚಿ, ಒಳಗಿನ ಸಂಪರ್ಕ ಬಿಂದುಗಳಿಗೆ ತಂತಿ ಜೋಡಿಸಿ ಅದರ ತಂತ್ರಾಂಶವನ್ನು ಬದಲಿಸಿದರೆ, ಆಮೇಲೆ ಫೋನಿನಿಂದಲೇ ಬೇಕಾದ ಸಂಖ್ಯೆಯನ್ನು ಪರದೆಗೆ ಕಳಿಸಬಹುದು. ಹಾಗೆ ಮಾಡಿದವನು ಟೋಲನ್ನೂ ದಂಡವನ್ನೂ ತಪ್ಪಿಸಿಕೊಳ್ಳುವುದಷ್ಟೇ ಅಲ್ಲ, ನಿಮ್ಮ ಸಂಖ್ಯೆಯನ್ನು ತೋರಿಸಿಕೊಂಡು ಹೋಗಿ ಅವನ ನೋಟಿಸುಗಳು ನಿಮ್ಮ ಮನೆಗೆ ಬರುವಂತೆ ಮಾಡಬಹುದು. ವೀಸಾದ ಮೇಲೆ ಬಂದು, ನ್ಯಾಯಾಲಯದ ರೀತಿನೀತಿ ತಿಳಿಯದ ಹೊಸಬರಿಗೆ ತಾವು ಮಾಡದ ತಪ್ಪನ್ನು ಅಲ್ಲಗಳೆಯುತ್ತಾ ಓಡಾಡುವುದು ಎಂಥ ಕಷ್ಟವೆಂದು ನಾನು ಬಲ್ಲೆ.

ಈ ದೃಷ್ಟಿಯಿಂದ ನಮ್ಮೂರಿನ ಎಚ್‌ಎಸ್‌ಆರ್‌ಪಿ ಪ್ಲೇಟೇ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. 2019ರ ಏಪ್ರಿಲ್ 1ಕ್ಕಿಂತ ಹಳೆಯ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿದಾಗ ಬೇಸರಪಟ್ಟವರು ಬಹಳ. ಕುವೆಂಪುನಗರದ ಮನೆಯಲ್ಲಿ ನಮ್ಮ ತಂದೆಯವರ ಸ್ಕೂಟರಿಗೆ ಹಾಕಿದ್ದನ್ನು ರಜೆಗೆ ಹೋದಾಗ ನೋಡಿದೆ. ಎಡಗಡೆ ನೀಲಿ ಅಶೋಕ ಚಕ್ರದ ಹೊಲೋಗ್ರಾಮ್, ಅದರ ಕೆಳಗೆ ಲೇಸರಿನಿಂದ ಕೊರೆದ, ಕಣ್ಣು ಕಿರಿದು ಮಾಡಿ ಓದಬೇಕಾದ ಪುಟ್ಟ ಗುರುತಿನ ಸಂಖ್ಯೆ, ಒಡೆಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್. ಅದನ್ನು ತಿದ್ದಲು ಹೋದವನು ಗುರುತು ಉಳಿಸಿಯೇ ಹೋಗಬೇಕು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಈಗ ಕ್ಯಾಮೆರಾಗಳು ಓದುತ್ತಿರುವುದು ಇಂಥ ಪ್ಲೇಟುಗಳನ್ನೇ.

ನೀವು ಮಾಡಬೇಕಾದ್ದು ಸರಳ. ಡೀಲರ್ ಕೊಡುವ ಕಾಗದದ ತಾತ್ಕಾಲಿಕ ಪ್ಲೇಟು 90 ದಿನಗಳಿಗೆ ಸಲ್ಲುತ್ತದೆ. ಆಮೇಲೆ ಬರುವ ತಗಡಿನ ಎರಡನ್ನೂ, ಮುಂದಿನದ್ದನ್ನು ಮರೆಯದೆ, ಹಾಕಿಸಿ. ಮನೆ ಬದಲಾಯಿಸಿದರೆ 10 ದಿನಗಳೊಳಗೆ ಇಲ್ಲಿನ ವಾಹನ ಇಲಾಖೆಯಾದ ಡಿಎಂವಿಗೆ ಹೊಸ ವಿಳಾಸ ತಿಳಿಸಬೇಕು, ಇಲ್ಲವಾದರೆ ನೋಟಿಸು ಹಳೆಯ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯಲ್ಲಿ ಕೊಳೆಯುತ್ತಾ ದಂಡ ಬೆಳೆಯುತ್ತದೆ. ಟೋಲ್ ಕಟ್ಟುವ ಫಾಸ್‌ಟ್ರ್ಯಾಕ್ ಖಾತೆಗೂ ಹೊಸ ಸಂಖ್ಯೆ ಸೇರಿಸಿ. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ಟೋಲ್ ವಸೂಲಿಗೆ ಮನುಷ್ಯರೇ ಇಲ್ಲ, ಎಲ್ಲವೂ ಟ್ಯಾಗ್ ಅಥವಾ ಪ್ಲೇಟಿನ ಚಿತ್ರದಿಂದಲೇ ನಡೆಯುತ್ತದೆ.

ಊರಿನಲ್ಲಿ ತಮ್ಮನ ಕೈಯಲ್ಲಿ ಬಿಟ್ಟು ಬಂದ ಕೆಎ–11ರ ಬೈಕಿನ ಬಗ್ಗೆಯೂ ಒಂದು ಮಾತು. ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ನೂರಡಿ ರಸ್ತೆಯಲ್ಲಿ ಅವರು ಹೆಲ್ಮೆಟ್ ಇಲ್ಲದೆ ಹೋದರೂ ಇ–ಚಲನ್ ಬರುವುದು ನಿಮ್ಮ ಹೆಸರಿಗೇ. ಆರ್‌ಸಿಗೆ ಜೋಡಿಸಿದ ಫೋನ್ ಸಂಖ್ಯೆ ಈಗ ಸ್ಥಗಿತವಾಗಿದ್ದರೆ ಆ ಸುದ್ದಿಯೂ ನಿಮಗೆ ಮುಟ್ಟುವುದಿಲ್ಲ. ಬೈಕನ್ನು ಅವರೇ ಇಟ್ಟುಕೊಳ್ಳುವುದಾದರೆ ಮುಂದಿನ ಸಲ ಊರಿಗೆ ಹೋದಾಗ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಹೆಸರು ವರ್ಗಾಯಿಸಿಯೇ ಬನ್ನಿ. ಅಲ್ಲಿಯವರೆಗೆ ಆ ಸಿಮ್ ಕಾರ್ಡಿಗೆ ರೀಚಾರ್ಜ್ ಮಾಡಿಸುತ್ತಿರಿ.